ಹಸಿರು ಪರದೆಯ ಗಾಲಿ

ಬೆಳಗಿನ ಜಾವ ನಾಲ್ಕೂವರೆ. ಹೆಂಗಸರ ವಾರ್ಡಿನಲ್ಲಿ ಬಾಗಿಲ ಬಳಿಯ ಟ್ಯೂಬ್‌ಲೈಟ್ ಒಂದೇ ಉರಿಯುತ್ತಿದೆ. 30 ಮಂಚ. ಮಂಚದ ಮೇಲೆ ಹೆಂಗಸರು, ಮಂಚದ ಕೆಳಗೆ ಚಾಪೆ ಹಾಸಿಕೊಂಡು ಅವರವರ ಮನೆಯವರು. ಗಂಡ, ಮಗ, ಅಳಿಯ, ಎಲ್ಲೋ ಒಬ್ಬ ಮೈದುನ. ಯಾರದೋ ಕೆಮ್ಮು ಶುರುವಾಗಿ ನಿಲ್ಲುತ್ತದೆ. ಫಿನಾಯಿಲ್ ಹಾಕಿ ಒರೆಸಿದ ನೆಲ ಇನ್ನೂ ಆರಿಲ್ಲ.

11ನೇ ಮಂಚದಲ್ಲಿ ನನ್ನ ಅಮ್ಮ ಕಣ್ಣು ಬಿಟ್ಟುಕೊಂಡೇ ಮಲಗಿದ್ದಾಳೆ. ವಯಸ್ಸು 72. ಮೊನ್ನೆ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಹತ್ತಿರ ತೊಡೆಮೂಳೆ ಮುರಿದಿದೆ. ಬಲಗಾಲಿಗೆ ಪಟ್ಟಿ ಸುತ್ತಿ ಮಂಚದ ತುದಿಯಿಂದ ತೂಕ ಇಳಿಬಿಟ್ಟಿದ್ದಾರೆ. ಆಪರೇಷನ್ ನಾಳಿದ್ದು. ಅಲ್ಲಿಯವರೆಗೆ ಎದ್ದು ಕೂರುವ ಹಾಗಿಲ್ಲ, ಮಗ್ಗುಲು ಬದಲಿಸುವ ಹಾಗಿಲ್ಲ.

“ಪ್ಯಾನ್ ಇಡ್ಲಾ ಅಮ್ಮ?” ಕಿವಿಯ ಹತ್ತಿರ ಬಾಗಿ ಕೇಳುತ್ತೇನೆ.

ಅವಳು ಕಣ್ಣಲ್ಲೇ ಪಕ್ಕಕ್ಕೆ ತೋರಿಸುತ್ತಾಳೆ. 12ನೇ ಮಂಚದ ಕೆಳಗಿದ್ದ ಗಂಡಸು ಎದ್ದು ಕೂತು ಟವೆಲ್ಲು ಕೊಡವುತ್ತಿದ್ದಾನೆ. ಪಾಪ, ಅವನೇನೂ ನಮ್ಮ ಕಡೆ ನೋಡುತ್ತಿಲ್ಲ. ಹೆಂಡತಿಯ ಕಾಲಿಗೆ ರಾಡು ಹಾಕಿಸಿಕೊಂಡು ನಾಲ್ಕು ದಿನದಿಂದ ಅಲ್ಲೇ ಬಿದ್ದಿದ್ದಾನೆ.

“ಆ ಯಪ್ಪ ಆಚೆ ಹೋಗ್ಲಿ, ತಡಿ.”

ಆತ ಆಚೆ ಹೋಗುತ್ತಾನೆ. ಮನೆಯಿಂದ ತಂದ ಹೊದಿಕೆಯನ್ನು ನಾನು ಎರಡೂ ಕೈಯಲ್ಲಿ ಮರೆಯಾಗಿ ಎತ್ತಿ ಹಿಡಿಯುತ್ತೇನೆ. ಪ್ಯಾನ್ ತಳ್ಳಲು ಇನ್ನೊಂದು ಕೈ ಬೇಕಲ್ಲ. ಹೊದಿಕೆಯ ಒಂದು ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಇನ್ನೊಂದನ್ನು ಸಲೈನ್ ಸ್ಟ್ಯಾಂಡಿಗೆ ಸಿಕ್ಕಿಸಿ, ಒಂದು ಕೈಯಿಂದ ಅವಳ ಸೊಂಟ ಎತ್ತಿ ಇನ್ನೊಂದರಿಂದ ಪ್ಯಾನ್ ಸರಿಸುತ್ತೇನೆ. ನೋವಿಗೆ ಅವಳ ಉಸಿರು ಕಟ್ಟುತ್ತದೆ. ಮುಖದ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ. ತನ್ನ ಕಣ್ಣಿಗೆ ಯಾರೂ ಕಾಣದಿದ್ದರೆ ತಾನೂ ಯಾರಿಗೂ ಕಾಣುವುದಿಲ್ಲ ಎಂದು ಮಕ್ಕಳು ಅಂದುಕೊಳ್ಳುತ್ತಾರಲ್ಲ, ಹಾಗೆ. ಅಷ್ಟರಲ್ಲಿ “ಟೀ, ಕಾಫಿ, ಬಿಸಿನೀರು” ಎಂದು ಕೂಗುತ್ತಾ ಹುಡುಗನೊಬ್ಬ ಒಳಗೆ ಬರುತ್ತಾನೆ. ಯಾರೋ ಅಷ್ಟೂ ಲೈಟು ಹಾಕುತ್ತಾರೆ. ಅಮ್ಮನ ಕೈ ಹೊದಿಕೆಯೊಳಗೇ ತಡಕಾಡಿ ಪ್ಯಾನನ್ನು ಹೊರಗೆ ನೂಕುತ್ತದೆ.

ಪ್ಯಾನಿನಲ್ಲಿ ಒಂದು ಹನಿಯಿಲ್ಲ.

ನಮ್ಮೂರಲ್ಲಿ ಹೆಂಗಸರೆಲ್ಲ ಬಯಲಿಗೆ ಹೋಗುತ್ತಿದ್ದ ಕಾಲ ನನಗೆ ನೆನಪಿದೆ. ಅಮ್ಮ ಚೊಂಬು ಹಿಡಿದು ಕತ್ತಲಾಗುವುದನ್ನೇ ಕಾಯುತ್ತಿದ್ದಳು. ಬೆಳದಿಂಗಳ ರಾತ್ರಿಗಳೆಂದರೆ ಅವಳಿಗೆ ಆಗುತ್ತಿರಲಿಲ್ಲ. ಮನೆಯ ಹಿಂದೆ ಪಾಯಿಖಾನೆ ಕಟ್ಟಿಸಿದಾಗ ಅದರ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ್ದಳು. ಆ ಚಿಲಕದ ಸುಖ ಕಂಡವಳು ಈಗ ಮತ್ತೆ ಕತ್ತಲನ್ನು ಕಾಯುತ್ತಾ ಮಲಗಿದ್ದಾಳೆ. ಇಲ್ಲಿ ಕತ್ತಲಾಗುವುದೂ ಇಲ್ಲ.

ಈ ಊರಿನ, ಈ ಆಸ್ಪತ್ರೆಯ ಹೆಸರು ನಾನು ಬರೆಯುವುದಿಲ್ಲ. ಇಂಥ ವಾರ್ಡು ನೀವೂ ನೋಡಿರುತ್ತೀರಿ. ರಾತ್ರಿ ಪಾಳಿಯಲ್ಲಿ 30 ಮಂಚಕ್ಕೆ ಒಬ್ಬರೇ ಸಿಸ್ಟರ್ ಇದ್ದರು. ಇಂಜೆಕ್ಷನ್ ಟ್ರೇ ಹಿಡಿದು ಅವರು ಮಂಚದಿಂದ ಮಂಚಕ್ಕೆ ಓಡುವುದನ್ನು ಇಡೀ ರಾತ್ರಿ ನೋಡಿದ್ದೇನೆ. ಅವರ ಮೇಲೆ ದೂರು ಹೇಳಿದರೆ ನನ್ನ ನಾಲಿಗೆಗೇ ಪಾಪ.

ಏಳು ಗಂಟೆಗೆ ಹೊರಗೆ ನೀರು ಹಿಡಿಯಲು ಹೋಗುತ್ತೇನೆ. ವರಾಂಡದ ಗೋಡೆಯ ಮೇಲೆ ಒಂದು ದೊಡ್ಡ ಫಲಕವಿದೆ, ರೋಗಿಗಳ ಹಕ್ಕುಗಳದ್ದು. ಅದರ ಮುಂದೆಯೇ ಸ್ಟೀಲಿನ ನೀರಿನ ಫಿಲ್ಟರ್ ತಂದಿಟ್ಟಿರುವುದರಿಂದ ಕೆಳಗಿನ ಅರ್ಧ ಕಾಣುವುದಿಲ್ಲ. ಕತ್ತು ವಾಲಿಸಿ ಓದುತ್ತೇನೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಇಂಥ ಹಕ್ಕುಗಳ ಸನ್ನದೊಂದನ್ನು ಸಿದ್ಧಪಡಿಸಿತ್ತು. 2019ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಅದನ್ನು ಪಾಲಿಸುವಂತೆ ಎಲ್ಲ ರಾಜ್ಯಗಳಿಗೂ ಬರೆಯಿತು. ಗಂಡು ವೈದ್ಯರು ಹೆಣ್ಣು ರೋಗಿಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು, ರೋಗಿಯ ಗುಟ್ಟನ್ನು ಕಾಯಬೇಕು, ಪರೀಕ್ಷೆಯ ಹೊತ್ತಿನಲ್ಲಿ ಮರೆಯಿರಬೇಕು ಎಂದೆಲ್ಲ ಅದರಲ್ಲಿದೆ. ಲೋಟ ತುಂಬಿಸಿಕೊಳ್ಳಲು ಬಂದ ಅಜ್ಜನಿಗೆ ದಾರಿ ಬಿಟ್ಟು ನಾನು ಪಕ್ಕಕ್ಕೆ ಸರಿಯುತ್ತೇನೆ.

ಅಮ್ಮನ ದಿಂಬಿನ ಕೆಳಗಿನ ಪ್ಲಾಸ್ಟಿಕ್ ಕವರಿನಲ್ಲಿ ಬಿಪಿಎಲ್ ಕಾರ್ಡಿನ ಜೆರಾಕ್ಸು, ಆಧಾರಿನ ಜೆರಾಕ್ಸು ಇವೆ. ಇವೆರಡೂ ಇಲ್ಲದಿದ್ದರೆ ಸ್ಕೀಮಿನಲ್ಲಿ ಆಪರೇಷನ್ ಇಲ್ಲ. ಆಧಾರ್ ಕಂಡಾಗಲೆಲ್ಲ ನನಗೆ ಕೆ.ಎಸ್. ಪುಟ್ಟಸ್ವಾಮಿಯವರು ನೆನಪಾಗುತ್ತಾರೆ. ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ನಿವೃತ್ತರಾಗಿ ಎಷ್ಟೋ ಕಾಲವಾದ ಮೇಲೆ, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಬಡವರಿಗೆ ಅನ್ನ ಸಿಕ್ಕರೆ ಸಾಕು, ಮಾನ ಮರ್ಯಾದೆಯ ಮಾತು ಆಮೇಲೆ ಅನ್ನುವ ವಾದವನ್ನೂ ಆ ತೀರ್ಪು ಒಪ್ಪಲಿಲ್ಲ. ಖಾಸಗಿತನ ಅಂದರೆ ಫೋನು, ಬ್ಯಾಂಕು, ಬೆರಳಚ್ಚಿನ ವಿಷಯ ಅಂದುಕೊಂಡಿದ್ದೇವೆ. ಅದರ ಮೊದಲ ಅರ್ಥ ಮೈ. ಈ ಮಂಚದ ಮೇಲೆ ಮಲಗಿರುವ ಮೈ.

ಒಂಬತ್ತೂಕಾಲು. ರೌಂಡ್ಸ್ ಬರುತ್ತಿದೆ ಎಂದು ಆಯಾ ಎಲ್ಲ ಗಂಡಸರನ್ನೂ ಹೊರಗೆ ಕಳಿಸುತ್ತಾಳೆ. ಅವರು ಬಾಗಿಲವರೆಗೆ ಹೋಗಿ ಅಲ್ಲೇ ನಿಲ್ಲುತ್ತಾರೆ. ಮುಂದೆ ದೊಡ್ಡ ಡಾಕ್ಟರು, ಹಿಂದೆ ಒಂಬತ್ತೋ ಹತ್ತೋ ವಿದ್ಯಾರ್ಥಿಗಳು. ಬಿಳಿ ಕೋಟಿನ ಹುಡುಗ ಹುಡುಗಿಯರು, ಎಲ್ಲರ ಕೈಯಲ್ಲೂ ಪುಟ್ಟ ಪುಸ್ತಕ. ಕಲಿಯುವುದು ಇವರು ಇಲ್ಲಿಯೇ, ಇಂಥ ಮಂಚಗಳ ಸುತ್ತ ನಿಂತೇ. ಇವರಲ್ಲಿ ಒಬ್ಬರು ನಾಳೆ ನಮ್ಮ ತಾಲ್ಲೂಕಿನ ಆಸ್ಪತ್ರೆಗೆ ಬಂದರೆ ಅಮ್ಮನಂಥವರು ಇಷ್ಟು ದೂರ ಬರಬೇಕಿಲ್ಲ. ಹಾಗಾಗಿ ಅವರು ನೋಡಬಾರದು ಅಂತ ನಾನು ಹೇಳಲಾರೆ. ಹೇಗೆ ನೋಡುತ್ತಾರೆ, ಕೇಳಿ ನೋಡುತ್ತಾರೋ ಕೇಳದೆ ನೋಡುತ್ತಾರೋ, ನನ್ನ ಹೊಟ್ಟೆಯಲ್ಲಿ ತಳಮಳ ಇರುವುದು ಅದಕ್ಕೆ.

11ನೇ ಮಂಚ. ಹುಡುಗನೊಬ್ಬ ಕೇಸ್ ಶೀಟ್ ಓದುತ್ತಾನೆ. ಓದುತ್ತಲೇ ಬಾಗಿ, ಅಮ್ಮನ ಹೊದಿಕೆಯ ಅಂಚನ್ನು ಹಿಡಿದು ಸರ್ರನೆ ಸೊಂಟದವರೆಗೆ ಎತ್ತಿಬಿಡುತ್ತಾನೆ. ಸೀರೆಯೂ ಜೊತೆಗೇ ಮೇಲೆ ಹೋಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗುತ್ತದೆ. ಅಮ್ಮ ಕಿರುಚುವುದಿಲ್ಲ. ಎರಡೂ ಕೈಯನ್ನು ಕೆಳಗೆ ಚಾಚುತ್ತಾಳೆ. ಕೈ ಎಟುಕುವುದಿಲ್ಲ, ಯಾಕೆಂದರೆ ಎಡಗೈಯಲ್ಲಿ ಸಲೈನ್ ಸೂಜಿಯಿದೆ. ಬಾಗಿಲಲ್ಲಿ ಗಂಡಸರು ನಿಂತಿದ್ದಾರೆ. ನಾನು ಮುಂದೆ ನುಗ್ಗಿ ಸೆರಗನ್ನು ಹಾಸುತ್ತೇನೆ. ಹುಡುಗ ಬೆದರಿ ನನ್ನನ್ನು ನೋಡುತ್ತಾನೆ. ಕೆಟ್ಟವನಲ್ಲ ಅವನು. ಹೊದಿಕೆಯ ಕೆಳಗೆ ಅವನಿಗೆ ಕಂಡದ್ದು ಮುರಿದ ಮೂಳೆ ಮಾತ್ರ.

ದೊಡ್ಡ ಡಾಕ್ಟರು ಅಮ್ಮನ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ನೋಡುತ್ತಾರೆ. ಹೊಟ್ಟೆ ಕಲ್ಲಿನ ಹಾಗಿದೆ. “ಮೂತ್ರ ತುಂಬಿಕೊಂಡಿದೆ. ಪಾಸ್ ಮಾಡಿದ್ದಾರಾ?” ಯಾರಿಗೂ ಗೊತ್ತಿಲ್ಲ. ಅಮ್ಮ ಮುಖ ಗೋಡೆಗೆ ತಿರುಗಿಸಿದ್ದಾಳೆ. “ಕ್ಯಾಥಿಟರ್ ಹಾಕಿ” ಎನ್ನುತ್ತಾರೆ.

ಆಗ ಹಗಲು ಪಾಳಿಯ ದೊಡ್ಡ ಸಿಸ್ಟರ್ ಮಾತಾಡುತ್ತಾರೆ. ಐವತ್ತರ ಆಸುಪಾಸು, ಕನ್ನಡಕ, ತುರುಬಿಗೆ ಕಪ್ಪು ಬಲೆ. “ಸರ್, ಒಂದ್ಸಲ ಮರೆ ಮಾಡಿ ಪ್ಯಾನ್ ಕೊಟ್ಟು ನೋಡ್ತೀನಿ. ಆಗ್ಲಿಲ್ಲಾಂದ್ರೆ ಹಾಕೋಣ. ವಯಸ್ಸಾದೋರು, ಪೈಪು ಹಾಕಿದ್ರೆ ಇನ್ಫೆಕ್ಷನ್ ಆಗುತ್ತೆ.” ಡಾಕ್ಟರು ಒಂದು ಕ್ಷಣ ಯೋಚಿಸಿ ತಲೆಯಾಡಿಸುತ್ತಾರೆ. ರೌಂಡ್ಸು 12ಕ್ಕೆ ಸರಿಯುತ್ತದೆ.

ವಾರ್ಡಿನ ಮೂಲೆಯಲ್ಲಿ, ಖಾಲಿ ಆಕ್ಸಿಜನ್ ಸಿಲಿಂಡರುಗಳ ಪಕ್ಕದಲ್ಲಿ ಏನೋ ಒಂದು ಮಡಚಿ ನಿಲ್ಲಿಸಿತ್ತು. ಅದರ ಮೇಲೆ ನೆಲ ಒರೆಸುವ ಬಟ್ಟೆಗಳು, ಯಾರದೋ ಸ್ವೆಟರು ಒಣಗುತ್ತಿದ್ದವು. ಮೂರು ದಿನದಿಂದ ನೋಡುತ್ತಿದ್ದರೂ ಅದು ಏನೆಂದು ನನಗೆ ಹೊಳೆದಿರಲಿಲ್ಲ. ಸಿಸ್ಟರ್ ಆ ಬಟ್ಟೆಗಳನ್ನೆಲ್ಲ ತೆಗೆದು ಆಯಾಳ ಕೈಗೆ ಕೊಟ್ಟು, ಅದನ್ನು ಎಳೆಯುತ್ತಾರೆ. ಕಿರ್ರ್ ಎಂದು ಒಂದು ಗಾಲಿ ಅಳುತ್ತದೆ. ಕಬ್ಬಿಣದ ಪೈಪಿನ ಮೂರು ಚೌಕಟ್ಟು, ಕೀಲಿನಿಂದ ಒಂದಕ್ಕೊಂದು ಜೋಡಿಸಿದ್ದು. ಚೌಕಟ್ಟಿಗೆ ಮಾಸಿದ ಹಸಿರು ಬಟ್ಟೆ, ನೆರಿಗೆ ಹಿಡಿದು ಹೊಲಿದದ್ದು. ಒಂದು ಕಡೆ ಬಟ್ಟೆ ಹರಿದು ಅಂಗೈಯಗಲ ತೂತಾಗಿದೆ. ಆರು ಗಾಲಿಯಲ್ಲಿ ಒಂದು ಸುತ್ತುವುದೇ ಇಲ್ಲ, ನೆಲವನ್ನು ಗೀಚಿಕೊಂಡೇ ಬರುತ್ತದೆ. ಸಿಸ್ಟರ್ ಅದನ್ನು ಅಮ್ಮನ ಮಂಚದ ಸುತ್ತ ಬಿಡಿಸಿ ನಿಲ್ಲಿಸುತ್ತಾರೆ. ತೂತು ಗೋಡೆಯ ಕಡೆಗೆ ಬರುವ ಹಾಗೆ ತಿರುಗಿಸುತ್ತಾರೆ.

ಒಳಗಿನ ಬೆಳಕು ಎಳೆ ಬಾಳೆಲೆಯ ಬಣ್ಣಕ್ಕೆ ತಿರುಗುತ್ತದೆ. ವಾರ್ಡು ಎಲ್ಲೋ ದೂರ ಹೋದ ಹಾಗೆ.

“ಅಜ್ಜಿ, ಈಗ ಸೀರೆ ಸ್ವಲ್ಪ ಮೇಲೆ ಸರಿಸ್ತೀನಿ, ಆಯ್ತಾ? ಇಲ್ಲಿ ನಾನು, ನಿಮ್ಮ ಮಗಳು, ಇಬ್ರೇ.” ಕೈಯಿಡುವ ಮೊದಲು ಹೇಳುತ್ತಾರೆ, ಹೇಳಿ ಒಂದು ಗಳಿಗೆ ಕಾಯುತ್ತಾರೆ. ಹಾಸಿಗೆಯ ಮೇಲೆ ರಬ್ಬರ್ ಶೀಟು ಹಾಸಿ, ನೋವಿಲ್ಲದ ಕಡೆಯಿಂದ ಚಪ್ಪಟೆ ಪ್ಯಾನನ್ನು ನಿಧಾನವಾಗಿ ಒಳಗೆ ಸರಿಸುತ್ತಾರೆ. ಸೊಂಟದ ಮೇಲೆ ಹೊದಿಕೆ ಹೊದಿಸುತ್ತಾರೆ, ತೊಡೆಯ ಮೇಲೆ ಇನ್ನೊಂದು. ನೋಡಲು ಈಗ ಅಮ್ಮ ಸುಮ್ಮನೆ ಹೊದ್ದು ಮಲಗಿದ ಹಾಗೆ. ಆಮೇಲೆ ಸಿಸ್ಟರ್ ಒಂದು ಕೆಲಸ ಮಾಡುತ್ತಾರೆ. ಜಗ್ಗಿನಲ್ಲಿದ್ದ ನೀರನ್ನು ಎತ್ತರದಿಂದ ಬೇಸಿನ್ನಿಗೆ ಸುರಿಯತೊಡಗುತ್ತಾರೆ, ಸಣ್ಣ ಧಾರೆಯಾಗಿ. ಆ ಸದ್ದಿಗೆ ಮೈ ಸಡಿಲವಾಗುತ್ತದಂತೆ. ಇನ್ನೊಂದು ಉಪಯೋಗವೂ ಇದೆ, ಅದನ್ನು ಅವರು ಹೇಳಲಿಲ್ಲ, ನನಗೇ ತಿಳಿಯಿತು. ಬೇಸಿನ್ನಿನ ಸದ್ದಿನಲ್ಲಿ ಪ್ಯಾನಿನ ಸದ್ದು ಯಾರಿಗೂ ಕೇಳುವುದಿಲ್ಲ.

ಜಗ್ಗು ಖಾಲಿಯಾಗುತ್ತದೆ. ಬೇಸಿನ್ನಿನ ನೀರನ್ನೇ ಮತ್ತೆ ಜಗ್ಗಿಗೆ ತುಂಬಿ ಮತ್ತೆ ಸುರಿಯುತ್ತಾರೆ. ಮೂರನೇ ಸಲಕ್ಕೆ ಅಮ್ಮನ ಹಣೆಯ ಗಂಟು ಬಿಚ್ಚುತ್ತದೆ. ಬಿಗಿಹಿಡಿದಿದ್ದ ನನ್ನ ಬೆರಳನ್ನು ಬಿಡುತ್ತಾಳೆ.

ಪ್ಯಾನ್ ತೆಗೆದಾಗ ಮೂತ್ರ ಕಡು ಟೀ ಡಿಕಾಕ್ಷನ್ನಿನ ಬಣ್ಣದಲ್ಲಿದೆ. “ಅಜ್ಜಿ, ನೀರೇ ಕುಡೀತಿಲ್ವಾ ನೀವು?”

ಅಮ್ಮ ಸುಮ್ಮನಿರುತ್ತಾಳೆ. ಆಮೇಲೆ ಸಣ್ಣ ದನಿಯಲ್ಲಿ, “ಕುಡಿದ್ರೆ ಹೋಗ್ಬೇಕಲ್ಲಮ್ಮ” ಎನ್ನುತ್ತಾಳೆ.

ನಾನು ಕೊಟ್ಟ ಎಳನೀರು, ಗಂಜಿ, ಮಜ್ಜಿಗೆ ಎಲ್ಲವನ್ನೂ “ಬಾಯಿ ಕಹಿ” ಎಂದು ಯಾಕೆ ತಳ್ಳುತ್ತಿದ್ದಳು ಎಂಬುದು ನನಗೆ ಗೊತ್ತಾದದ್ದು ಆಗ. ವಯಸ್ಸಾದ ಮೈಗೆ ನೀರು ಕಡಿಮೆಯಾದರೆ ಏನೇನಾಗುತ್ತದೆ ಎಂದು ಸಿಸ್ಟರ್ ಮೆತ್ತಗೆ ಹೇಳುತ್ತಾರೆ. ಉರಿಮೂತ್ರ, ಮಲಬದ್ಧತೆ, ತಲೆ ಗೊಂದಲ. ಆಪರೇಷನ್ ಮುಂದೆ ಹೋದರೂ ಹೋಗಬಹುದು. ನಾಚಿಕೆ ಅಂದರೆ ಮನಸ್ಸಿನದ್ದು, ಅದನ್ನು ಒಂದು ಕಡೆ ಇಟ್ಟರೆ ಕಾಯಿಲೆ ವಾಸಿಯಾಗುತ್ತದೆ ಎಂದು ನಾವು ಹೇಳುತ್ತೇವೆ. ಮರೆ ಸಿಗದೆ ಹೋದರೆ ಆ ನಾಚಿಕೆಯೇ ಮೂತ್ರಕೋಶಕ್ಕೆ ಇಳಿದು ಕಾಯಿಲೆಯಾಗಿ ಕೂರುತ್ತದೆ. ಬಿಳಿ ಹೋಗುತ್ತಿದೆ ಎಂದು ಓಪಿಡಿಯಲ್ಲಿ ಹತ್ತು ಜನರ ಮುಂದೆ ಹೇಳಲಾಗದೆ “ಸೊಂಟ ನೋವು” ಎಂದಷ್ಟೇ ಹೇಳಿ ನೋವಿನ ಮಾತ್ರೆ ತೆಗೆದುಕೊಂಡು ಹೋದವರೂ, ಟಿಬಿ ಮಾತ್ರೆಯನ್ನು ಅರಿಶಿನದ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗುವವರೂ ನಮ್ಮ ಓಣಿಯಲ್ಲೇ ಇದ್ದಾರೆ.

ಹನ್ನೊಂದೂವರೆಗೆ 14ನೇ ಮಂಚಕ್ಕೆ ಹೊಸದಾಗಿ ಒಬ್ಬಳು ಬರುತ್ತಾಳೆ. ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಬೆನ್ನಲ್ಲಿ ಕೀವು ತುಂಬಿದ ಗಡ್ಡೆ. ಜೊತೆಗೆ ತಾಯಿ ಮಾತ್ರ. ವಾರ್ಡ್ ಬಾಯ್ ತಂದು ಮಂಚದ ತುದಿಗೆ ಸಿಕ್ಕಿಸಿದ ಫೈಲಿನ ಹೊರಮೈ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ನಾಲ್ಕಾರು ದಪ್ಪ ಅಕ್ಷರ, ಕೆಳಗೆ ಎರಡು ಗೆರೆ. ಓದು ಬಾರದವರಿಗೂ ಆ ಕೆಂಪು ಅರ್ಥವಾಗುತ್ತದೆ. ಐದೇ ನಿಮಿಷದಲ್ಲಿ 13ನೇ ಮಂಚದವರು ತಮ್ಮ ನೀರಿನ ಬಾಟಲಿಯನ್ನು ಆಚೆ ಕಡೆಗೆ ಸರಿಸಿಕೊಳ್ಳುತ್ತಾರೆ. 15ನೇ ಮಂಚದ ಕೆಳಗಿನ ಚಾಪೆ ಮಡಚಿ ವರಾಂಡಕ್ಕೆ ಹೋಗುತ್ತದೆ. ಹುಡುಗಿ ಇದನ್ನೆಲ್ಲ ಮೊದಲೇ ನೋಡಿದವಳ ಹಾಗೆ ಚಾದರವನ್ನು ಗಲ್ಲದವರೆಗೆ ಎಳೆದುಕೊಂಡು ಮಲಗುತ್ತಾಳೆ. ತಾಯಿ ಮಾತ್ರ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಾಳೆ, ಬೇಡುವ ಹಾಗೆ.

ಸಿಸ್ಟರ್ ಟೇಬಲಿನಿಂದ ಎದ್ದು ಬರುತ್ತಾರೆ. ಏನೂ ಹೇಳದೆ ಫೈಲು ತೆಗೆದುಕೊಂಡು ಹೋಗುತ್ತಾರೆ. ಹೊಸ ರಟ್ಟಿನ ಹೊದಿಕೆ ಹಾಕಿ, ಹೆಸರು, ಮಂಚದ ನಂಬರು ಮಾತ್ರ ಬರೆದು, ಒಳಗಿನ ಹಾಳೆಗಳನ್ನು ಅದಕ್ಕೆ ಪೋಣಿಸುತ್ತಾರೆ. ಆ ಫೈಲು ಮಂಚಕ್ಕೆ ವಾಪಸ್ಸು ಬರುವುದಿಲ್ಲ, ಅವರ ಟೇಬಲಿನ ಡ್ರಾಯರಿಗೆ ಹೋಗುತ್ತದೆ. ಹಳೆಯ ಹೊದಿಕೆಯನ್ನು ನಾಲ್ಕಾಗಿ ಹರಿಯುವುದು ನನಗೆ ಇಲ್ಲಿಂದ ಕಾಣುತ್ತದೆ.

ವಾರ್ಡ್ ಬಾಯ್‌ಗೆ ಅವರು ಹೇಳುವುದೂ ಕೇಳಿಸುತ್ತದೆ, ಯಾಕೆಂದರೆ ನಾನು ಅಲ್ಲೇ ಮಾತ್ರೆ ಕೇಳಲು ನಿಂತಿದ್ದೇನೆ. “ಎಲ್ರ ರಕ್ತಕ್ಕೂ ಗ್ಲೌಸ್ ಹಾಕ್ಕೋಬೇಕು ಕಣಪ್ಪಾ. ಟೆಸ್ಟೇ ಮಾಡಿಸ್ದೆ ಇರೋರು ಎಷ್ಟು ಜನ ಇಲ್ಲಿ ಮಲ್ಗಿದಾರೋ. ಕೆಂಪಕ್ಷರ ನೋಡ್ಕೊಂಡು ಗ್ಲೌಸ್ ಹಾಕಿದ್ರೆ, ಅಕ್ಷರ ಇಲ್ದಿರೋ ಕಡೆ ನಿನ್ನ ಯಾರು ಕಾಪಾಡ್ತಾರೆ?” ಅವನು ತಲೆ ತಗ್ಗಿಸುತ್ತಾನೆ. ಆ ಕೆಂಪಕ್ಷರವನ್ನು ಕಾನೂನೂ ಒಪ್ಪುವುದಿಲ್ಲ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಬಂದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಆ ಕಾಯ್ದೆಯ ಪ್ರಕಾರ ಸೋಂಕಿರುವವರ ಒಪ್ಪಿಗೆಯಿಲ್ಲದೆ ಆ ವಿಷಯ ಬಯಲು ಮಾಡುವಂತಿಲ್ಲ. ಚಿಕಿತ್ಸೆ ಕೊಡುತ್ತಿರುವ ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರಿಗೆ ಚಿಕಿತ್ಸೆಯ ಸಲುವಾಗಿ ತಿಳಿಸಬಹುದು, ಅಂಥ ಕೆಲವೇ ವಿನಾಯಿತಿಗಳಿವೆ. ಪಕ್ಕದ ಮಂಚದವರು ಅದರಲ್ಲಿಲ್ಲ, ಚಾಪೆಯವರೂ ಇಲ್ಲ. ತಮ್ಮೂರಿನ ಆಸ್ಪತ್ರೆಯಲ್ಲೇ ಮಾತ್ರೆ ಸಿಕ್ಕರೂ ಯಾರಾದರೂ ನೋಡಿಯಾರು ಎಂದು ಬಸ್ಸು ಹತ್ತಿ ಬೇರೆ ಜಿಲ್ಲೆಗೆ ಹೋಗಿ ತರುವವರಿದ್ದಾರೆ. ಒಂದು ಸ್ಕೆಚ್ ಪೆನ್ನು ಅವರ ಅಷ್ಟೂ ವರ್ಷಗಳ ಎಚ್ಚರವನ್ನು ಅಳಿಸಿಬಿಡುತ್ತದೆ.

ಮಧ್ಯಾಹ್ನ ಊಟ ತರಲು ಕೆಳಗಿಳಿಯುವಾಗ ಹೆರಿಗೆ ವಾರ್ಡಿನ ಮುಂದೆ ಹಾದು ಹೋಗಬೇಕು. ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ನನ್ನ ಹಿರಿಮಗಳು ಹುಟ್ಟಿದ್ದು 1998ರಲ್ಲಿ, ಇನ್ನೊಂದು ಊರಿನ ಇಂಥದ್ದೇ ಆಸ್ಪತ್ರೆಯಲ್ಲಿ. ಸಾಲಾಗಿ ನಾಲ್ಕು ಟೇಬಲ್, ನಡುವೆ ಒಂದು ತುಂಡು ಬಟ್ಟೆಯ ಮರೆಯೂ ಇಲ್ಲ. ಅಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿದ್ದರು. ನೋವಿಗೆ ನಾನು ಕೂಗಿದಾಗ ಒಬ್ಬಾಕೆ ಆಡಿದ ಮಾತು, “ಆವಾಗ ಚೆನ್ನಾಗಿತ್ತಾ? ಈಗ್ಯಾಕೆ ಬಾಯಿ ಬಡ್ಕೊತೀಯ?” ಮಗಳ ಮೊದಲ ಅಳು ಮರೆತಿದ್ದೇನೆ, ಆ ಮಾತು ಮರೆತಿಲ್ಲ. ಆ ಆಸ್ಪತ್ರೆಯಲ್ಲಿ ಹೆತ್ತ ಎಷ್ಟೋ ಹೆಂಗಸರು ಅದೇ ಮಾತನ್ನು ಕೇಳಿಸಿಕೊಂಡಿದ್ದಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಯಾರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಇವತ್ತು ಅರ್ಧ ತೆರೆದ ಬಾಗಿಲಿನಿಂದ ನನಗೆ ಕಾಣುವುದು ಟೇಬಲ್ಲುಗಳಲ್ಲ, ನೀಲಿ ಪರದೆಗಳು. 2017ರ ಕೊನೆಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೋಣೆಗಳಲ್ಲಿ ಮರೆ ಇರಬೇಕು, ಹೆರುವವಳ ಜೊತೆ ಅವಳಿಗೆ ಬೇಕಾದ ಒಬ್ಬರು ಇರಬಹುದು ಎಂದು ಹೇಳಿತು. ಪರದೆಯ ಕೆಳಗಿನ ಸಂದಿಯಲ್ಲಿ ಎರಡು ಕಾಲು ಕಾಣುತ್ತವೆ. ಬೆಳ್ಳಿ ಕಾಲುಂಗುರ, ಸವೆದ ಹವಾಯಿ ಚಪ್ಪಲಿ. ಯಾರದೋ ತಾಯಿ ಒಳಗೆ ನಿಂತಿದ್ದಾಳೆ. ಕ್ಯಾರಿಯರ್ ಹಿಡಿದುಕೊಂಡು ನಾನು ಅಲ್ಲಿ ನಿಂತದ್ದು ಬಹಳ ಹೊತ್ತಾಯಿತೆಂದು ಕಾಣುತ್ತದೆ, ಕಾವಲಿನವಳು ಬಂದು “ಯಾರು ಬೇಕಿತ್ತಕ್ಕಾ?” ಎಂದು ಕೇಳುತ್ತಾಳೆ.

ಸಂಜೆ ನಾಲ್ಕಕ್ಕೆ ಹೌಸ್ ಸರ್ಜನ್ ಹುಡುಗಿಯೊಬ್ಬಳು ಬರುತ್ತಾಳೆ. ಅಮ್ಮನ ಬೆನ್ನಿನ ಕೆಳಗೆ ಚರ್ಮ ಕೆಂಪಾಗಿದೆ, ಹಾಸಿಗೆ ಹುಣ್ಣು ಶುರುವಾಗುವ ಮುನ್ನಿನ ಕೆಂಪು. ತನ್ನ ಸೀನಿಯರ್‌ಗೆ ವಾಟ್ಸಾಪಿನಲ್ಲಿ ಕಳಿಸಿ ಕೇಳಬೇಕಂತೆ. ಕೆಲಸಕ್ಕೆ ಬರುವ ದಾರಿಯೇ ಅದು, ಸೀನಿಯರ್ ಇನ್ನೊಂದು ಕಟ್ಟಡದ ಥಿಯೇಟರಿನಲ್ಲಿದ್ದಾರೆ. ಫೋನು ತೆಗೆದವಳು ನಿಂತುಬಿಡುತ್ತಾಳೆ. “ಅಜ್ಜಿ, ಬೆನ್ನಿನದು ಒಂದು ಫೋಟೋ ತಗೋಬಹುದಾ? ನಿಮ್ಮ ಮುಖ ಬರಲ್ಲ, ಹೆಸರೂ ಹಾಕಲ್ಲ. ಸರ್ ನೋಡಿದ ಮೇಲೆ ಅಳಿಸ್ತೀನಿ.” ವೈದ್ಯರ ವೃತ್ತಿನಿಯಮಗಳಲ್ಲಿ 2002ರಿಂದಲೂ ಇದೆ: ರೋಗಿಯ ಗುರುತು ಸಿಗುವಂಥ ಫೋಟೋವನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದು ಎಂದು. ಇವಳು ಪ್ರಕಟಿಸುತ್ತಿಲ್ಲ, ಆದರೂ ಕೇಳುತ್ತಾಳೆ. ಅಮ್ಮನನ್ನು ಈ ಮೂರು ದಿನದಲ್ಲಿ ಯಾರಾದರೂ ಏನನ್ನಾದರೂ ‘ಮಾಡಬಹುದಾ’ ಎಂದು ಕೇಳಿದ್ದು ಇದು ಎರಡನೇ ಸಲ. ಅಮ್ಮ ನನ್ನ ಮುಖ ನೋಡದೆ ತಾನೇ ಉತ್ತರ ಕೊಡುತ್ತಾಳೆ. “ತಗೋ ಮಗಾ. ಆ ಹಸಿರುದ್ದು ಎಳ್ಕೊಂಡು ತಗೋ.”

ಕಿರ್ರ್.

ಅಷ್ಟು ಹೊತ್ತಿಗೆ ಆ ಸದ್ದು ಇಡೀ ವಾರ್ಡಿಗೆ ಪರಿಚಯವಾಗಿರುತ್ತದೆ. ಬೆಳಿಗ್ಗೆಯಿಂದ ಪರದೆ ಒಂದೇ ಕಡೆ ನಿಂತಿಲ್ಲ. 12ನೇ ಮಂಚದಾಕೆ ಡ್ರೆಸ್ಸಿಂಗಿಗೆ ಕೇಳಿದಳು. 20ನೇ ಮಂಚದ ಬಾಣಂತಿ ಮಗುವಿಗೆ ಹಾಲೂಡಿಸಲು ಕೇಳಿದಳು. 14ನೇ ಮಂಚದ ಹುಡುಗಿಯ ಗಡ್ಡೆ ಕೊಯ್ದು ಕಟ್ಟು ಹಾಕಿದ್ದೂ ಅದರ ಒಳಗೇ. ಕೇಳಬಹುದು ಎಂದು ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಷ್ಟು ಜನಕ್ಕೆ ಮರೆ ಮಾಡುತ್ತಾ ಕೂತರೆ ಆಸ್ಪತ್ರೆ ನಡೆಯುವುದಿಲ್ಲ ಎಂದು ಬಹಳ ಸಲ ಕೇಳಿದ್ದೇನೆ. ಜನ ಹೆಚ್ಚು, ಕೈ ಕಡಿಮೆ, ನಿಜ. ಇನ್ನೆರಡು ಪರದೆ ಬೇಕು, ಇನ್ನಿಬ್ಬರು ಸಿಸ್ಟರ್ ಬೇಕು, ಅದನ್ನು ಕೊಡಬೇಕಾದವರು ಕೊಡಬೇಕು. ಆದರೆ ಈ ಒಂದು ಪರದೆ ಇದೇ ಮೂಲೆಯಲ್ಲಿ, ಒರೆಸುವ ಬಟ್ಟೆಯ ಕೆಳಗೆ, ಇಷ್ಟು ದಿನವೂ ನಿಂತೇ ಇತ್ತು. ಅದು ನನ್ನನ್ನು ಸುಡುತ್ತದೆ.

ರಾತ್ರಿ ಒಂಬತ್ತು. ಲೈಟುಗಳು ಒಂದೊಂದಾಗಿ ಆರುತ್ತವೆ. ಗಂಡಸರು ಚಾಪೆ ಬಿಡಿಸುತ್ತಿದ್ದಾರೆ. ಎಲ್ಲಿಂದಲೋ ತೊಟ್ಟು ತೆಂಗಿನೆಣ್ಣೆ ಸಿಕ್ಕಿತೆಂದು ಆಯಾ ಆ ಹಟಮಾರಿ ಗಾಲಿಗೆ ಬಿಡಲು ಕೂತಿದ್ದಾಳೆ. 12ನೇ ಮಂಚದಾಕೆ ಅವಳನ್ನು ತಡೆಯುತ್ತಾಳೆ. “ಬ್ಯಾಡ ಬಿಡವ್ವಾ. ಸದ್ದು ಬಂದ್ರೆ ಇವ್ರಿಗೆ ಎದ್ದು ಹೋಗ್ಬೇಕು ಅಂತ ಗೊತ್ತಾಗ್ತದೆ.” ಚಾಪೆಯ ಮೇಲೆ ಕೂತ ಅವಳ ಗಂಡ ತಲೆ ಕೆರೆದುಕೊಂಡು ಹೌದೆನ್ನುತ್ತಾನೆ. ಆಯಾ ಎಣ್ಣೆಯನ್ನು ತನ್ನ ಅಂಗೈಗೇ ಸವರಿಕೊಳ್ಳುತ್ತಾಳೆ.

ಪರದೆ 14ನೇ ಮಂಚದ ಪಕ್ಕ ನಿಂತಿದೆ. 13ನೇ ಮಂಚದವರ ನೀರಿನ ಬಾಟಲಿ ಇನ್ನೂ ಆಚೆ ಕಡೆಯೇ ಇದೆ.

ನಾನು ಅಮ್ಮನ ಮಂಚದ ಕೆಳಗೆ ಚಾಪೆ ಹಾಕಿ ಮಲಗುತ್ತೇನೆ. ನಿದ್ದೆ ಹತ್ತುವ ಹೊತ್ತಿಗೆ ಮೇಲಿನಿಂದ ಕೈಯೊಂದು ಇಳಿದು ನನ್ನ ಭುಜ ತಟ್ಟುತ್ತದೆ.

“ಚೊಂಬೆಲ್ಲಿಟ್ಟೆ?”

ಎದ್ದು ಲೋಟಕ್ಕೆ ನೀರು ಬಗ್ಗಿಸಿ, ಅವಳ ತಲೆಯೆತ್ತಿ ಹಿಡಿದು ಕುಡಿಸುತ್ತೇನೆ. ಗಂಟಲು ಏರಿಳಿಯುವುದು ಮಬ್ಬು ಬೆಳಕಿನಲ್ಲೂ ಕಾಣುತ್ತದೆ. ಲೋಟ ಖಾಲಿ ಮಾಡಿ, ತುಟಿಯನ್ನು ಸೆರಗಿನಿಂದ ಒರೆಸಿಕೊಂಡು, ಲೋಟವನ್ನು ಮತ್ತೆ ನನ್ನ ಕಡೆ ಚಾಚುತ್ತಾಳೆ.